ಲಿವರ್‌ನಲ್ಲಿ ಸಿಕ್ಕ ನೀರುಗುಳ್ಳೆ: ತಿಂದರೆ ಅಪಾಯವೋ, ನಾಯಿಗೆ ಹಾಕಿದರೆ ಅಪಾಯವೋ?

ಭಾನುವಾರ ಬೆಳಿಗ್ಗೆ ಬಿ.ಸಿ. ರೋಡಿನಿಂದಲೋ ಉಜಿರೆಯಿಂದಲೋ ಮೂಡುಬಿದಿರೆ ಪೇಟೆಯಿಂದಲೋ ಒಂದು ಕಿಲೋ ಮಟನ್, ಜತೆಗೆ ಸ್ವಲ್ಪ ಲಿವರ್ ತಂದಿದ್ದೀರಿ. ತೊಳೆಯುವಾಗ ಲಿವರ್‌ನ ಅಂಚಿಗೆ ಅಂಟಿಕೊಂಡ ನೆಲ್ಲಿಕಾಯಿ ಗಾತ್ರದ ಗುಳ್ಳೆಯೊಂದು ಕೈಗೆ ಸಿಗುತ್ತದೆ. ತೆಳ್ಳಗಿನ ಪೊರೆ, ಒಳಗೆ ತಿಳಿನೀರು, ನೀರಿನಲ್ಲೊಂದು ಬಿಳಿ ಚುಕ್ಕೆ. ಆಗ ಮನೆಯಲ್ಲಿ ಎರಡು ಮಾತು ಕೇಳಿಬರುತ್ತವೆ. "ಇದು ಹುಳದ ಮಾಂಸ, ತಿಂದರೆ ಹೊಟ್ಟೆಯಲ್ಲಿ ಲಾಡಿಹುಳ ಆಗ್ತದೆ, ಪೂರ್ತಿ ಬಿಸಾಡಿ" ಎಂದು ಒಬ್ಬರು. "ಅಷ್ಟು ಭಾಗ ಕೊಯ್ದು ನಾಯಿಗೆ ಹಾಕಿ, ಉಳಿದದ್ದರಲ್ಲಿ ಪದಾರ್ಥ ಮಾಡಿ" ಎಂದು ಇನ್ನೊಬ್ಬರು.

ಮೊದಲನೆಯ ಮಾತು ತಪ್ಪು. ಎರಡನೆಯ ಮಾತು ಅರ್ಧ ಸರಿ. ಆದರೆ ಉಳಿದರ್ಧ, ಅಂದರೆ 'ನಾಯಿಗೆ ಹಾಕಿ' ಎಂಬ ಭಾಗ, ಮೊದಲನೆಯದಕ್ಕಿಂತ ದೊಡ್ಡ ತಪ್ಪು. ಯಾಕೆ ಎಂದು ತಿಳಿಯಬೇಕಾದರೆ ಆ ಗುಳ್ಳೆ ಏನು, ಅದು ಯಾವ ಹುಳದ್ದು ಎಂದು ವಿಜ್ಞಾನಿಗಳು ಹೇಗೆ ಪತ್ತೆ ಹಚ್ಚುತ್ತಾರೆ ಎಂಬುದನ್ನು ನೋಡೋಣ.

ಗುಳ್ಳೆಯೊಳಗೆ ಇರುವುದು ಯಾರು?

ಅದು ಕುರಿ ಹೆಚ್ಚು ನೀರು ಕುಡಿದು ಆದ ಗುಳ್ಳೆಯಲ್ಲ, ಕೀವಿನ ಗಂಟೂ ಅಲ್ಲ. ಅದು ಲಾಡಿಹುಳದ ಮರಿ ಅವಸ್ಥೆ, ಅಂದರೆ ಲಾರ್ವಾ. ಲಾಡಿಹುಳದ ಬದುಕಿಗೆ ಎರಡು ಮನೆ ಬೇಕು. ಬೆಳೆದ ಹುಳ ನಾಯಿಯ ಸಣ್ಣಕರುಳಿನಲ್ಲಿ ಇರುತ್ತದೆ. ಅದರ ಮೊಟ್ಟೆಗಳು ನಾಯಿಯ ಮಲದೊಂದಿಗೆ ಹೊರಬಂದು ಹುಲ್ಲು, ಮಣ್ಣು, ನೀರು ಸೇರುತ್ತವೆ. ಅಲ್ಲಿ ಮೇಯುವ ಕುರಿಯ ಹೊಟ್ಟೆಗೆ ಮೊಟ್ಟೆ ಹೋದಾಗ ಅದರಿಂದ ಹೊರಬಂದ ಸೂಕ್ಷ್ಮ ಮರಿ ಕರುಳನ್ನು ಕೊರೆದು, ರಕ್ತದ ಮೂಲಕ ಲಿವರ್, ಶ್ವಾಸಕೋಶ, ಮೆದುಳು ಅಥವಾ ಸ್ನಾಯು ಸೇರಿ ಗುಳ್ಳೆಯಾಗಿ ಕೂರುತ್ತದೆ. ಆ ಗುಳ್ಳೆಯನ್ನು ಹಸಿಯಾಗಿ ನಾಯಿ ತಿಂದರೆ ಮಾತ್ರ ಅದು ಮತ್ತೆ ಬೆಳೆದ ಹುಳವಾಗುತ್ತದೆ. ಕುರಿಯಿಂದ ಕುರಿಗೆ ಇದು ಹರಡುವುದಿಲ್ಲ, ನಾಯಿಯಿಂದ ನಾಯಿಗೂ ಹರಡುವುದಿಲ್ಲ. ಚಕ್ರ ತಿರುಗಬೇಕಾದರೆ ಎರಡೂ ಬೇಕು.

ಇದು ಊಹೆಯಲ್ಲ. 19ನೇ ಶತಮಾನದ ನಡುವಿನವರೆಗೂ ಈ ಗುಳ್ಳೆ ಬೇರೆ ಜೀವಿ, ಲಾಡಿಹುಳ ಬೇರೆ ಜೀವಿ ಎಂದೇ ಅನೇಕರು ನಂಬಿದ್ದರು. 1850ರ ದಶಕದಲ್ಲಿ ಜರ್ಮನಿಯ ಕ್ಯೂಖನ್‌ಮೈಸ್ಟರ್ ಮತ್ತು ಫಾನ್ ಸೀಬೋಲ್ಡ್ ಇಂಥ ಗುಳ್ಳೆಗಳನ್ನು ಪ್ರಾಣಿಗಳಿಗೆ ತಿನ್ನಿಸಿ, ಕೆಲವು ವಾರಗಳ ನಂತರ ಕರುಳಿನಲ್ಲಿ ಲಾಡಿಹುಳ ಬೆಳೆದದ್ದನ್ನು ತೋರಿಸಿದರು. ಕುರಿಯ ಗುಳ್ಳೆಯನ್ನು ನಾಯಿಗೆ ಹಾಕಿದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿ 170 ವರ್ಷಗಳೇ ಕಳೆದಿವೆ.

ಎಲ್ಲ ಗುಳ್ಳೆಗಳೂ ಒಂದೇ ಅಲ್ಲ

ಕುರಿ, ಆಡುಗಳಲ್ಲಿ ಮುಖ್ಯವಾಗಿ ನಾಲ್ಕು ಬಗೆಯ ಲಾಡಿಹುಳಗಳ ಮರಿಗಳು ಕಾಣಸಿಗುತ್ತವೆ.

ಮೊದಲನೆಯದು ಟೀನಿಯಾ ಹೈಡಾಟಿಜಿನ. ಮಟನ್ ಅಂಗಡಿಯಲ್ಲಿ ಸಾಮಾನ್ಯವಾಗಿ ಕಣ್ಣಿಗೆ ಬೀಳುವ ಗುಳ್ಳೆ ಇದರದೇ. ಕರುಳನ್ನು ಹೊದ್ದ ಕೊಬ್ಬಿನ ಪರದೆಗೆ ಅಥವಾ ಲಿವರ್‌ನ ಹೊರಮೈಗೆ ಜೋತುಬಿದ್ದ ತೆಳು ಚೀಲ, ಒಳಗೆ ಒಂದೇ ಒಂದು ಬಿಳಿ ಚುಕ್ಕೆ. ಆ ಚುಕ್ಕೆ ಹುಳದ ತಲೆ, ಅದಕ್ಕೊಂದು ಸಪೂರ ಕತ್ತು. ಮನುಷ್ಯರಿಗೆ ಇದು ತಗಲುವುದಿಲ್ಲ. ಆದರೆ ಎಳೆಯ ಕುರಿಮರಿಯ ಲಿವರ್ ಅನ್ನು ಏಕಕಾಲಕ್ಕೆ ತುಂಬ ಮರಿಗಳು ಕೊರೆದುಕೊಂಡು ಹೋದರೆ ಕುರಿಮರಿ ಸಾಯಬಹುದು.

ಎರಡನೆಯದು ಎಕಿನೊಕಾಕಸ್ ಗ್ರಾನ್ಯುಲೋಸಸ್. ಇದರ ಗುಳ್ಳೆಗೆ ಹೈಡಾಟಿಡ್ ಗುಳ್ಳೆ ಎಂದು ಹೆಸರು. ಇದು ಜೋತುಬೀಳುವುದಿಲ್ಲ, ಲಿವರ್ ಅಥವಾ ಶ್ವಾಸಕೋಶದ ಒಳಗೇ ಹುದುಗಿರುತ್ತದೆ. ಗೋಡೆ ದಪ್ಪ, ಬಿಳಿ. ಒಡೆದರೆ ನೀರಿನ ಜತೆ ಸಣ್ಣ ಮರಳಿನಂಥ ಕಣಗಳು ಬರಬಹುದು. ಒಂದೊಂದು ಕಣವೂ ಒಂದೊಂದು ಹುಳದ ತಲೆ. ನಾಲ್ಕರಲ್ಲಿ ಮನುಷ್ಯರಿಗೆ ನಿಜವಾಗಿ ಅಪಾಯಕಾರಿ ಇದೇ.

ಮೂರನೆಯದು ಟೀನಿಯಾ ಮಲ್ಟಿಸೆಪ್ಸ್. ಇದರ ಗುಳ್ಳೆ ಹೆಚ್ಚಾಗಿ ಮೆದುಳಿನಲ್ಲಿ ಬೆಳೆಯುತ್ತದೆ. ಕುರಿ ತಲೆ ವಾಲಿಸಿಕೊಂಡು ಒಂದೇ ದಿಕ್ಕಿಗೆ ಸುತ್ತು ಹೊಡೆಯುತ್ತದೆ, ಕಣ್ಣು ಮಂಜಾಗುತ್ತದೆ, ಮಂದೆಯಿಂದ ಹಿಂದುಳಿಯುತ್ತದೆ. ಹೀಗೆ ಸತ್ತ ಕುರಿಯ ತಲೆಯನ್ನು ಮಂದೆಯ ನಾಯಿಗೆ ಎಸೆದರೆ ಮುಂದಿನ ವರ್ಷ ಇನ್ನಷ್ಟು ಕುರಿಗಳು ಸುತ್ತತೊಡಗುತ್ತವೆ. ಮನುಷ್ಯರಿಗೆ ಇದು ತಗಲುವುದು ತೀರಾ ಅಪರೂಪ.

ನಾಲ್ಕನೆಯದು ಟೀನಿಯಾ ಓವಿಸ್. ಹೃದಯ ಮತ್ತು ಸ್ನಾಯುಗಳಲ್ಲಿ ಅಕ್ಕಿಕಾಳಿನಿಂದ ಕಡಲೆಕಾಳಿನವರೆಗಿನ ಗಾತ್ರದ ಗುಳ್ಳೆಗಳು. ಮನುಷ್ಯರಿಗೆ ತೊಂದರೆಯಿಲ್ಲ, ಮಾಂಸದ ಬೆಲೆ ಮಾತ್ರ ಹೋಗುತ್ತದೆ.

ತಿಂದರೆ ಲಾಡಿಹುಳ ಆಗುತ್ತದೆಯೇ?

ಇಲ್ಲ. ಮನುಷ್ಯರ ಕರುಳಿನಲ್ಲಿ ಬೆಳೆಯುವ ಎರಡು ಮುಖ್ಯ ಲಾಡಿಹುಳಗಳು ಬೇರೆ. ಟೀನಿಯಾ ಸೋಲಿಯಂ ಅರೆಬೆಂದ ಹಂದಿಮಾಂಸದಿಂದ, ಟೀನಿಯಾ ಸಾಜಿನಾಟ ಅರೆಬೆಂದ ದನದ ಮಾಂಸದಿಂದ ಬರುತ್ತವೆ. ಮೇಲೆ ಹೇಳಿದ ನಾಲ್ಕೂ ಬೆಳೆಯುವುದು ನಾಯಿ ಮತ್ತು ಅದರ ಬಳಗದ ಪ್ರಾಣಿಗಳ ಕರುಳಿನಲ್ಲಿ, ನಮ್ಮ ಕರುಳಿನಲ್ಲಿ ಅಲ್ಲ. ಹೈಡಾಟಿಡ್ ಗುಳ್ಳೆಯಿದ್ದ ಲಿವರ್ ಅನ್ನು ತಿಳಿಯದೆ ತಿಂದವರಿಗೂ ಅದರಿಂದ ಹೈಡಾಟಿಡ್ ರೋಗ ಬರುವುದಿಲ್ಲ. ಗುಳ್ಳೆ ಒಡೆದು ನೀರು ಕೈಗೆ ತಾಗಿದರೆ ಸೋಪು ಹಾಕಿ ತೊಳೆದರೆ ಸಾಕು.

ಹಾಗಂತ ಗುಳ್ಳೆಯನ್ನು ತಿನ್ನಿ ಎಂದು ನಾವು ಹೇಳುತ್ತಿಲ್ಲ. ಒಂದೆರಡು ಗುಳ್ಳೆಗಳಿದ್ದರೆ ಸುತ್ತಲಿನ ಭಾಗದೊಂದಿಗೆ ಕೊಯ್ದು ತೆಗೆದು, ಉಳಿದದ್ದನ್ನು ಚೆನ್ನಾಗಿ ಬೇಯಿಸಿ. ಲಿವರ್ ತುಂಬ ಗುಳ್ಳೆಗಳಿದ್ದರೆ, ಗಟ್ಟಿಯಾಗಿದ್ದರೆ ಅಥವಾ ಬಣ್ಣಗೆಟ್ಟಿದ್ದರೆ ಅದನ್ನು ಬಳಸಬೇಡಿ.

ಹಾಗಾದರೆ ಮನುಷ್ಯರಿಗೆ ಬರುವುದು ಎಲ್ಲಿಂದ?

ನಾಯಿಯಿಂದ. ಎಕಿನೊಕಾಕಸ್ ಹುಳದ ಮೊಟ್ಟೆ ನಮ್ಮ ಬಾಯಿಗೆ ಹೋದರೆ ನಾವು ಕುರಿಯ ಜಾಗದಲ್ಲಿ ನಿಲ್ಲುತ್ತೇವೆ. ಕುರಿಯ ಲಿವರ್‌ನಲ್ಲಿ ಬೆಳೆಯಬೇಕಾದ ಗುಳ್ಳೆ ನಮ್ಮ ಲಿವರ್‌ನಲ್ಲಿ ಬೆಳೆಯುತ್ತದೆ.

ಈ ಹುಳ ಎಷ್ಟು ಚಿಕ್ಕದೆಂದರೆ ಪೂರ್ತಿ ಬೆಳೆದದ್ದೂ 2ರಿಂದ 7 ಮಿಲಿಮೀಟರ್ ಅಷ್ಟೇ. ಒಂದೇ ನಾಯಿಯಲ್ಲಿ ಸಾವಿರಾರು ಇದ್ದರೂ ನಾಯಿ ಆರೋಗ್ಯವಾಗಿಯೇ ಕಾಣುತ್ತದೆ. ನಾಯಿಯ ಮಲದಲ್ಲಿ ಅಕ್ಕಿಕಾಳಿನಂಥ ತುಂಡುಗಳು ಕಂಡರೆ ಅವು ಬೇರೆ ಲಾಡಿಹುಳಗಳದ್ದು. ಎಕಿನೊಕಾಕಸ್ ಹಾಗೆ ಕಣ್ಣಿಗೆ ಕಾಣುವುದಿಲ್ಲ. ಮೊಟ್ಟೆಗಳು ನಾಯಿಯ ಕೂದಲಿಗೂ ಮೂತಿಗೂ ಅಂಟಿಕೊಂಡಿರುತ್ತವೆ. ನಾಯಿಯನ್ನು ಮುದ್ದಿಸಿ ಕೈ ತೊಳೆಯದೆ ತಿಂಡಿ ತಿನ್ನುವ ಮಕ್ಕಳಿಗೆ ಹೆಚ್ಚು ಅಪಾಯ.

ನಮ್ಮ ಕಡೆಗೆ ಸಂಬಂಧಿಸಿದ ಇನ್ನೊಂದು ದಾರಿಯನ್ನೂ ಹೇಳಬೇಕು. ಮಳೆಗಾಲದಲ್ಲಿ ತೋಟದ ಬದಿಯಿಂದ, ಅಂಗಳದ ಅಂಚಿನಿಂದ ಒಂದೆಲಗ, ಅಂದರೆ ತುಳುವಿನ ತಿಮರೆ, ಕೊಯ್ದು ಹಸಿಯಾಗಿ ಚಟ್ನಿ ಅರೆಯುವುದು ಮನೆಮನೆಯ ರೂಢಿ. ನೆಲಕ್ಕೆ ಅಂಟಿಕೊಂಡು ಬೆಳೆಯುವ ಸೊಪ್ಪು ಅದು. ಅದೇ ಜಾಗದಲ್ಲಿ ನಾಯಿಗಳೂ ಓಡಾಡುತ್ತವೆ. ಈ ಮೊಟ್ಟೆಗಳು ಒಣ ಬಿಸಿಲಿಗೆ ಬೇಗ ಸಾಯುತ್ತವೆ, ತೇವ ಮತ್ತು ನೆರಳಿದ್ದಲ್ಲಿ ತಿಂಗಳುಗಟ್ಟಲೆ ಬದುಕಬಲ್ಲವು. ಅಡಿಕೆ ತೋಟದಲ್ಲಿ ತೇವಕ್ಕೂ ನೆರಳಿಗೂ ಕೊರತೆಯಿಲ್ಲ. ಒಂದೆಲಗ ಬಿಡಬೇಕಿಲ್ಲ. ನಾಯಿ ಓಡಾಡದ ಜಾಗದ್ದನ್ನು ಕೊಯ್ದು, ಹರಿಯುವ ನೀರಿನಲ್ಲಿ ಎಲೆ ಎಲೆಯಾಗಿ ತೊಳೆಯಿರಿ. ಅನುಮಾನವಿದ್ದರೆ ಚಟ್ನಿಯ ಬದಲು ಬೇಯಿಸಿದ ಅಡುಗೆಗೆ ಬಳಸಿ.

ದೇಹದೊಳಗೆ ಸೇರಿದ ಗುಳ್ಳೆ ಬಹಳ ನಿಧಾನವಾಗಿ ಬೆಳೆಯುತ್ತದೆ. ವರ್ಷಗಟ್ಟಲೆ ಏನೂ ಗೊತ್ತಾಗುವುದಿಲ್ಲ. ಸುಮಾರು 70 ಶೇಕಡಾ ರೋಗಿಗಳಲ್ಲಿ ಅದು ಲಿವರ್‌ನಲ್ಲಿ, 20 ಶೇಕಡಾ ರೋಗಿಗಳಲ್ಲಿ ಶ್ವಾಸಕೋಶದಲ್ಲಿ ಇರುತ್ತದೆ. ಬೇರೆ ಯಾವುದೋ ಕಾರಣಕ್ಕೆ ಸ್ಕ್ಯಾನಿಂಗ್ ಮಾಡಿಸಿದಾಗ ಪತ್ತೆಯಾಗುವುದೇ ಹೆಚ್ಚು. ಗುಳ್ಳೆ ದೇಹದೊಳಗೆ ಒಡೆದರೆ ತೀವ್ರ ಅಲರ್ಜಿಯಾಗಿ ಜೀವಕ್ಕೇ ಅಪಾಯ. ಗುಳ್ಳೆಯ ಹಂತ ನೋಡಿ ಆಲ್ಬೆಂಡಜೋಲ್ ಮಾತ್ರೆ, ಸೂಜಿಯಿಂದ ದ್ರವ ತೆಗೆಯುವ ವಿಧಾನ ಅಥವಾ ಶಸ್ತ್ರಚಿಕಿತ್ಸೆಯನ್ನು ವೈದ್ಯರು ಆರಿಸುತ್ತಾರೆ. ಚಟುವಟಿಕೆ ನಿಂತ ಗುಳ್ಳೆಯನ್ನು ಗಮನಿಸುತ್ತ ಬಿಡುವುದೂ ಉಂಟು. ಜಗತ್ತಿನಲ್ಲಿ ಯಾವುದೇ ಹೊತ್ತಿಗೆ 10 ಲಕ್ಷಕ್ಕೂ ಹೆಚ್ಚು ಜನ ಎಕಿನೊಕಾಕಸ್ ಬಳಗದ ಹುಳಗಳಿಂದ ಬಳಲುತ್ತಿರುತ್ತಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಕಣ್ಣಿಗೆ ಒಂದೇ, ಡಿಎನ್‌ಎಯಲ್ಲಿ ಬೇರೆ

ನಾಲ್ಕು ಗುಳ್ಳೆಗಳ ಲಕ್ಷಣಗಳನ್ನು ಮೇಲೆ ವಿವರಿಸಿದೆವು. ಹಾಗಾದರೆ ನೋಡಿಯೇ ಗುರುತಿಸಬಹುದಲ್ಲ, ಡಿಎನ್‌ಎ ಪರೀಕ್ಷೆ ಯಾಕೆ?

ಲಕ್ಷಣಗಳು ಸ್ಪಷ್ಟವಾಗಿರುವುದು ಚೆನ್ನಾಗಿ ಬೆಳೆದ ಗುಳ್ಳೆಗಳಲ್ಲಿ ಮಾತ್ರ. ಲಿವರ್‌ನೊಳಗೆ ಇನ್ನೂ ಹಾದು ಹೋಗುತ್ತಿರುವ ಎಳೆಯ ಹೈಡಾಟಿಜಿನ ಮರಿ, ಆಗಷ್ಟೇ ಹುಟ್ಟಿದ ಹೈಡಾಟಿಡ್ ಗುಳ್ಳೆ, ಸತ್ತು ಸುಣ್ಣಗಟ್ಟಿದ ಗಂಟು ಇವೆಲ್ಲ ಬರಿಗಣ್ಣಿಗೆ ಒಂದೇ ಥರ ಕಾಣುತ್ತವೆ. ಕೆಲವು ಹೈಡಾಟಿಡ್ ಗುಳ್ಳೆಗಳು ಬಂಜೆಯಾಗಿರುತ್ತವೆ, ಅಂದರೆ ಒಳಗೆ ಹುಳದ ತಲೆಗಳೇ ಇರುವುದಿಲ್ಲ.

ಮೊಟ್ಟೆಗಳ ವಿಷಯದಲ್ಲಿ ಕಷ್ಟ ಇನ್ನೂ ಹೆಚ್ಚು. ಈ ನಾಲ್ಕೂ ಹುಳಗಳ ಮೊಟ್ಟೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪರಿಣತರಿಗೂ ಬೇರ್ಪಡಿಸಲು ಆಗುವುದಿಲ್ಲ. ಬಂಟ್ವಾಳ ತಾಲೂಕಿನ ವಿಟ್ಲದಲ್ಲಿರುವ ಸಿಪಿಸಿಆರ್‌ಐ ಕೇಂದ್ರದಿಂದ ಅಡಿಕೆ ಸಸಿ ತಂದು ನೆಟ್ಟವರಿಗೆ ಇಂಥ ಕಷ್ಟ ಗೊತ್ತು. ಎಳೆಯ ಸಸಿಯಲ್ಲಿ ಮಂಗಳಾ ತಳಿ ಯಾವುದು, ಊರ ತಳಿ ಯಾವುದು ಎಂದು ಎಲೆ ನೋಡಿ ಹೇಳುವುದು ಸುಲಭವಲ್ಲ. ಸಸಿಯಾದರೆ ಫಲ ಬರುವವರೆಗೆ ಕಾಯಬಹುದು. ನಾಯಿಯ ಮಲದಲ್ಲಿ ಸಿಕ್ಕ ಮೊಟ್ಟೆ ಯಾವುದೆಂದು ತಿಳಿಯಲು ಅದು ಯಾರದೋ ಲಿವರ್‌ನಲ್ಲಿ ಬೆಳೆಯುವವರೆಗೆ ಕಾಯುವಂತಿಲ್ಲ.

ಇಲ್ಲಿ ಡಿಎನ್‌ಎ ನೆರವಿಗೆ ಬರುತ್ತದೆ. ಕೆಲಸ ನಡೆಯುವುದು ಹೀಗೆ. ಗುಳ್ಳೆಯ ಒಳಪೊರೆಯ ಚೂರನ್ನು ಅಥವಾ ಹುಳದ ತಲೆಯನ್ನು ತೊಳೆದು ಆಲ್ಕೋಹಾಲ್‌ನಲ್ಲಿ ಇಡುತ್ತಾರೆ. ಫಾರ್ಮಲಿನ್ ಡಿಎನ್‌ಎಯನ್ನು ಹಾಳುಮಾಡುವುದರಿಂದ ಈ ಪರೀಕ್ಷೆಗೆ ಅದು ಒಳ್ಳೆಯದಲ್ಲ. ನಂತರ ಅದರಿಂದ ಡಿಎನ್‌ಎ ಬೇರ್ಪಡಿಸುತ್ತಾರೆ. ಗುಳ್ಳೆಗೆ ಕುರಿಯ ಜೀವಕೋಶಗಳೂ ಅಂಟಿಕೊಂಡಿರುವುದರಿಂದ ಅದರಲ್ಲಿ ಕುರಿಯ ಡಿಎನ್‌ಎಯೂ ಬೆರೆತಿರುತ್ತದೆ. ಹಾಗಾಗಿ ಹುಳದ ಡಿಎನ್‌ಎಗೆ ಮಾತ್ರ ಅಂಟುವ ಚಿಕ್ಕ ತುಣುಕುಗಳನ್ನು, ಅಂದರೆ ಪ್ರೈಮರ್‌ಗಳನ್ನು ಸೇರಿಸಿ ಪಿಸಿಆರ್ ಯಂತ್ರದಲ್ಲಿ ಇಡುತ್ತಾರೆ. ಕೋವಿಡ್ ಕಾಲದಲ್ಲಿ ಎಲ್ಲರ ಬಾಯಲ್ಲೂ ಇದ್ದ ಪಿಸಿಆರ್ ಇದೇ. ಬೇಕಾದ ಜೀನಿನ ತುಣುಕು ಕೆಲವು ಗಂಟೆಗಳಲ್ಲಿ ಕೋಟಿಗಟ್ಟಲೆ ಪ್ರತಿಯಾಗುತ್ತದೆ. ಆ ತುಣುಕಿನ ಅಕ್ಷರಗಳನ್ನು ಓದಿ, ಜಗತ್ತಿನ ವಿಜ್ಞಾನಿಗಳು ಜೀನ್‌ಬ್ಯಾಂಕ್‌ನಲ್ಲಿ ಕೂಡಿಟ್ಟ ದಾಖಲೆಗಳ ಜತೆ ಹೋಲಿಸುತ್ತಾರೆ.

ಹೆಚ್ಚಾಗಿ ಆರಿಸುವ ಜೀನ್ ಮೈಟೋಕಾಂಡ್ರಿಯದಲ್ಲಿರುವ ಕಾಕ್ಸ್-1. ಒಂದು ಜೀವಕೋಶದಲ್ಲಿ ಇದರ ಪ್ರತಿಗಳು ಬಹಳ ಇರುವುದರಿಂದ ಚೂರು ಮಾದರಿಯೂ ಸಾಕು. ಇದರ ಅಕ್ಷರಗಳು ಕಾಲಕ್ರಮದಲ್ಲಿ ಬೇಗ ಬದಲಾಗುವುದರಿಂದ ಹತ್ತಿರದ ಬಂಧುಗಳನ್ನೂ ಬೇರ್ಪಡಿಸಬಹುದು. ಸುಮಾರು 400 ಅಕ್ಷರಗಳ ತುಣುಕು ಓದಿದರೂ ಹೈಡಾಟಿಜಿನ ಯಾವುದು, ಎಕಿನೊಕಾಕಸ್ ಯಾವುದು ಎಂಬುದು ಅನುಮಾನವಿಲ್ಲದೆ ತಿಳಿಯುತ್ತದೆ.

ಡಿಎನ್‌ಎ ಹಳೆಯ ಗೊಂದಲವೊಂದನ್ನೂ ತಿಳಿಯಾಗಿಸಿತು. ಆಡುಗಳಲ್ಲಿ ಮೆದುಳಿನ ಹೊರಗೆ, ಸ್ನಾಯು ಮತ್ತು ಚರ್ಮದಡಿಯಲ್ಲಿ ಸಿಗುವ ಗುಳ್ಳೆಗಳನ್ನು ಟೀನಿಯಾ ಗೈಗೇರಿ ಎಂಬ ಬೇರೆಯೇ ಹುಳದ್ದು ಎಂದು ಹಿಂದೆ ಹೇಳುತ್ತಿದ್ದರು. ಜೀನ್ ಓದಿ ನೋಡಿದಾಗ ಅದು ಟೀನಿಯಾ ಮಲ್ಟಿಸೆಪ್ಸ್‌ಗೆ ಹೊಂದಿಕೆಯಾಯಿತು. ಈಗ ಹಲವು ವಿಜ್ಞಾನಿಗಳು ಎರಡನ್ನೂ ಒಂದೇ ಹುಳ ಎಂದು ಪರಿಗಣಿಸುತ್ತಾರೆ.

"ನಮ್ಮಲ್ಲಿ ಕುರಿಯೇ ಇಲ್ಲವಲ್ಲ!"

ಈ ಪ್ರಶ್ನೆ ಸಹಜ. 2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ ಸುಮಾರು 1.1 ಕೋಟಿ ಕುರಿಗಳಿವೆ. ತೆಲಂಗಾಣ, ಆಂಧ್ರಪ್ರದೇಶಗಳ ನಂತರದ ಸ್ಥಾನ ನಮ್ಮ ರಾಜ್ಯದ್ದು. ಆದರೆ ಅವು ಇರುವುದು ಹೆಚ್ಚಾಗಿ ಘಟ್ಟದ ಮೇಲಿನ ಒಣ ಜಿಲ್ಲೆಗಳಲ್ಲಿ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಮಳೆಗೆ ಕುರಿ ಒಗ್ಗುವುದಿಲ್ಲ. ಇಲ್ಲಿ ಸಾಕುವುದು ಆಡು, ದನ, ಹಂದಿ. ಕುರಿ ಚಾರ್ಮಾಡಿ, ಶಿರಾಡಿ ಘಾಟಿ ಇಳಿದು ಬರುತ್ತದೆ.

ಇಲ್ಲೇ ಜೀನ್ ಗುರುತಿನ ದೊಡ್ಡ ಉಪಯೋಗ ಇರುವುದು. 1992ರಲ್ಲಿ ಬೌಲ್ಸ್, ಬ್ಲೇರ್ ಮತ್ತು ಮೆಕ್‌ಮಾನಸ್ ಎಂಬ ವಿಜ್ಞಾನಿಗಳು ಕಾಕ್ಸ್-1 ಜೀನನ್ನು ಓದಿ, ಒಂದೇ ಎಂದುಕೊಂಡಿದ್ದ ಹೈಡಾಟಿಡ್ ಹುಳದಲ್ಲಿ ಹಲವು ಬಗೆಗಳಿವೆ ಎಂದು ತೋರಿಸಿದರು. ಅವಕ್ಕೆ ಜಿ1, ಜಿ2, ಜಿ3 ಎಂದು ಹೆಸರುಗಳಾದವು. ಜಿ1ಕ್ಕೆ 'ಕುರಿ ಬಗೆ' ಎಂದೂ ಜಿ3ಕ್ಕೆ 'ಎಮ್ಮೆ ಬಗೆ' ಎಂದೂ ಕರೆಯುವ ರೂಢಿ. ಆದರೆ ಹೆಸರು ಕುರಿಯದ್ದಾದರೂ ಅದು ಕುರಿಗೆ ಸೀಮಿತವಲ್ಲ. ಆಡು, ದನ, ಎಮ್ಮೆ, ಹಂದಿ, ಮನುಷ್ಯ ಎಲ್ಲರಲ್ಲೂ ಇವು ಸಿಕ್ಕಿವೆ. ಭಾರತದ ಜಾನುವಾರುಗಳಲ್ಲಿ ಜಿ3 ಹೆಚ್ಚಾಗಿ ಕಂಡಿದೆ, ಜಿ1 ಮತ್ತು ಜಿ5 ಕೂಡ ಇವೆ. ಜಿ1 ಮತ್ತು ಜಿ3ರ ನಡುವಿನ ವ್ಯತ್ಯಾಸ ಬೆರಳೆಣಿಕೆಯ ಅಕ್ಷರಗಳಷ್ಟೇ. ಅವನ್ನು ಖಚಿತವಾಗಿ ಬೇರ್ಪಡಿಸಲು ಈಗ ನಾಡ್-5 ಎಂಬ ಇನ್ನೊಂದು ಜೀನನ್ನೂ ಓದುತ್ತಾರೆ.

ಅಂದರೆ ಕುರಿಯಿಲ್ಲದ ಊರಿನಲ್ಲೂ ಈ ಚಕ್ರ ತಿರುಗಬಹುದು. ಘಟ್ಟದ ಮೇಲಿಂದ ಬಂದ ಕುರಿಯ ಲಿವರ್ ಇಲ್ಲಿನ ನಾಯಿಯ ಹೊಟ್ಟೆ ಸೇರಿದರೆ, ಆ ನಾಯಿಯ ಮಲ ಇಲ್ಲಿನ ಆಡಿಗೂ ದನಕ್ಕೂ ಮಗುವಿಗೂ ತಲುಪಬಹುದು. ಒಂದು ಊರಿನ ರೋಗಿಗಳಲ್ಲಿ, ಪ್ರಾಣಿಗಳಲ್ಲಿ, ನಾಯಿಗಳಲ್ಲಿ ಸಿಕ್ಕ ಹುಳಗಳ ಜೀನ್ ಹೋಲಿಸಿದರೆ ಯಾವ ಪ್ರಾಣಿಯ ಮೂಲಕ ಚಕ್ರ ನಡೆಯುತ್ತಿದೆ, ಎಲ್ಲಿ ತಡೆಯಬೇಕು ಎಂಬ ಸುಳಿವು ಸಿಗುತ್ತದೆ.

ಹಾಗಾದರೆ ನಾವು ಏನು ಮಾಡಬೇಕು?

ಮನೆಯಲ್ಲಿ ಡಿಎನ್‌ಎ ಪರೀಕ್ಷೆ ಮಾಡಲಾಗದು, ಮಾಡುವ ಅಗತ್ಯವೂ ಇಲ್ಲ. ಯಾವ ಗುಳ್ಳೆಯಾದರೂ ಅಪಾಯಕಾರಿಯದ್ದೇ ಎಂದುಕೊಂಡು ನಡೆದರೆ ಸಾಕು.

ಹಸಿ ಲಿವರ್, ಶ್ವಾಸಕೋಶ, ತಲೆ, ಕರುಳಿನ ಕೊಬ್ಬು ಇವುಗಳನ್ನು ನಾಯಿಗೆ ಹಾಕಬೇಡಿ. ಹಾಕಲೇಬೇಕೆಂದಿದ್ದರೆ ಸಣ್ಣ ತುಂಡು ಮಾಡಿ ಮುಕ್ಕಾಲು ಗಂಟೆ ಕುದಿಸಿ ಹಾಕಿ. ಗುಳ್ಳೆಯಿರುವ ಭಾಗವನ್ನು ಸುಡಿ, ಇಲ್ಲವೇ ಬಾವಿಯಿಂದ ದೂರ, ನಾಯಿ ಅಗೆಯಲಾಗದಷ್ಟು ಆಳದಲ್ಲಿ ಹೂತು ಮೇಲೆ ಕಲ್ಲು ಹೇರಿ. ಮದುವೆ, ಹಬ್ಬ, ಹರಕೆಯೆಂದು ಮನೆಯಂಗಳದಲ್ಲೇ ಆಡು ಕಡಿದಾಗ ಇದನ್ನು ವಿಶೇಷವಾಗಿ ನೆನಪಿಡಿ. ಅಂದು ಊರಿನ ನಾಯಿಗಳೆಲ್ಲ ಅಲ್ಲೇ ಇರುತ್ತವೆ.

ಸಾಕುನಾಯಿಗೆ ಪಶುವೈದ್ಯರ ಸಲಹೆಯಂತೆ ನಿಯಮಿತವಾಗಿ ಹುಳದ ಮಾತ್ರೆ ಕೊಡಿ. ವರ್ಷಕ್ಕೆ ಕನಿಷ್ಠ ನಾಲ್ಕು ಸಲ ಕೊಡುವುದು ಒಳ್ಳೆಯದು. ಮಾತ್ರೆಯಲ್ಲಿ ಪ್ರಾಜಿಕ್ವಾಂಟೆಲ್ ಇದೆಯೇ ಎಂದು ಕೇಳಿ ನೋಡಿ. ಎಕಿನೊಕಾಕಸ್ ಅನ್ನು ಕೊಲ್ಲುವುದು ಅದು. ಹುಳ ಸತ್ತರೂ ಮೊಟ್ಟೆ ಸಾಯುವುದಿಲ್ಲ. ಹಾಗಾಗಿ ಮಾತ್ರೆ ಕೊಟ್ಟ ಒಂದೆರಡು ದಿನ ನಾಯಿಯನ್ನು ಕಟ್ಟಿಹಾಕಿ ಮಲವನ್ನು ಸುಡಿ ಅಥವಾ ಆಳವಾಗಿ ಹೂಳಿ.

ಆಡು ಅಥವಾ ಕುರಿ ಸುತ್ತು ಹೊಡೆಯುತ್ತಿದ್ದರೆ, ಕಡಿದಾಗ ಲಿವರ್ ತುಂಬ ಗುಳ್ಳೆ ಕಂಡರೆ ತಾಲೂಕು ಪಶು ಆಸ್ಪತ್ರೆಗೆ ತಿಳಿಸಿ. ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಂಡರೆ ವೈದ್ಯರಿಗೆ ಸಹಾಯವಾಗುತ್ತದೆ.

ಇಷ್ಟು ಸರಳ ಕೆಲಸದಿಂದ ರೋಗ ಹೋಗುತ್ತದೆಯೇ ಎಂದು ಅನುಮಾನ ಬೇಡ. 1863ರಲ್ಲಿ ಡೆನ್ಮಾರ್ಕಿನ ಹರಾಲ್ಡ್ ಕ್ರಾಬ್ಬೆ ಕುರಿ ಸಾಕುವ ಐಸ್‌ಲ್ಯಾಂಡ್ ದ್ವೀಪಕ್ಕೆ ಹೋಗಿ ನಾಯಿಗಳನ್ನು ಪರೀಕ್ಷಿಸಿದಾಗ ನಾಲ್ಕರಲ್ಲೊಂದಕ್ಕಿಂತ ಹೆಚ್ಚು ನಾಯಿಗಳಲ್ಲಿ ಈ ಹುಳವಿತ್ತು. ಮರುವರ್ಷ ಅಲ್ಲಿನ ಜನರ ಭಾಷೆಯಲ್ಲೇ ಒಂದು ಕಿರುಪುಸ್ತಕ ಅಚ್ಚಾಗಿ ಮನೆಮನೆಗೆ ಹೋಯಿತು. ಗುಳ್ಳೆಯನ್ನು ನಾಯಿಗೆ ಹಾಕಬೇಡಿ, ಹೂಳಿ ಅಥವಾ ಸುಡಿ ಎಂಬುದೇ ಅದರ ಮುಖ್ಯ ಮಾತು. ಮುಂದೆ ಕಾನೂನೂ ಬಂತು. ಇಪ್ಪತ್ತನೇ ಶತಮಾನದಲ್ಲಿ ಐಸ್‌ಲ್ಯಾಂಡ್ ಈ ರೋಗದಿಂದ ಮುಕ್ತವಾಯಿತು. ಕೋಟಿಗಟ್ಟಲೆ ಕುರಿಗಳಿರುವ ನ್ಯೂಜಿಲೆಂಡ್ ಕೂಡ 2002ರಲ್ಲಿ ತಾತ್ಕಾಲಿಕವಾಗಿ ರೋಗಮುಕ್ತ ಎಂದು ಘೋಷಿಸಿಕೊಂಡಿತು. ಈಗ ಕುರಿಗಳಿಗೆ ಇಜಿ95 ಎಂಬ ಲಸಿಕೆಯೂ ಇದೆ.

ಮುಂದಿನ ಭಾನುವಾರ ಲಿವರ್‌ನಲ್ಲಿ ಗುಳ್ಳೆ ಸಿಕ್ಕರೆ ಗಾಬರಿಯಾಗಿ ಇಡೀ ಮಟನ್ ಎಸೆಯಬೇಡಿ. ಗುಳ್ಳೆಯ ಭಾಗ ಕೊಯ್ದು ಪಕ್ಕಕ್ಕಿಡಿ, ಉಳಿದದ್ದು ಒಲೆಗೆ ಹೋಗಲಿ. ಬಾಗಿಲಲ್ಲಿ ಬಾಲ ಅಲ್ಲಾಡಿಸುತ್ತ ಕಾಯುವ ನಾಯಿಗೆ ಅಂದು ಅನ್ನ ಹಾಕಿ. ಪಕ್ಕಕ್ಕಿಟ್ಟದ್ದನ್ನು ಮರೆಯದೆ ಹೂತುಬಿಡಿ.